ಒಂದು ಅಚ್ಚು ಸಿಕ್ಕರೆ ಸಾಕಿತ್ತು

ಹಳೆಯ ಬೈಕಿಗೆ ಬಿಡಿಭಾಗ ಬೇಕಂದ್ರೆ ಕಂಪನಿ ಹೆಸರು, ಮಾಡೆಲ್ ಹೇಳಿದರೆ ಅಂಗಡಿಯವರು ಹೇಗೋ ಹುಡುಕಿ ಕೊಡ್ತಾರೆ. ಹಳೆಯ ಕಿಸೆ ಗಡಿಯಾರದ ಲೆಕ್ಕ ಹಾಗಲ್ಲ. ಡಯಲ್ ಮೇಲಿನ ಹೆಸರು ಮಾರಿದವರದ್ದಾಗಿರುತ್ತೆ, ಒಳಗಿನ ಮಷಿನ್ ಮಾಡಿದವರು ಬೇರೆಯೇ ಇರಬಹುದು. ನಮ್ಮ ಮನೆಯ ಗಡಿಯಾರ ರಿಪೇರಿಗೆ ಓಡಾಡುವಾಗ ನಾನು ಮೊದಲು ಕಲಿತದ್ದೇ ಇದು.

ನಮ್ಮೂರು ಯಾದಗಿರಿ ಜಿಲ್ಲೆಯ ಹತ್ತಿಕುಣಿ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಗಡಿಯಾರ ನಮ್ಮ ಮುತ್ತ್ಯಾನದು, ಅಂದರೆ ಅಪ್ಪನ ಅಪ್ಪನದು. ಹತ್ತಿಕುಣಿ ಜಲಾಶಯದ ಕಾಲುವೆ ನೀರು ಪಾಳಿಯ ಮೇಲೆ ಹರಿಸುವಾಗ ಯಾರ ಹೊಲಕ್ಕೆ ಎಷ್ಟು ತಾಸು ಅನ್ನೋದನ್ನು ಅಕ್ಕಪಕ್ಕದ ರೈತರು ಈ ಗಡಿಯಾರ ನೋಡಿಯೇ ತೀರ್ಮಾನ ಮಾಡ್ತಿದ್ದರಂತೆ. "ಮುತ್ತ್ಯಾ ಕಿಸೆದಾಗಿಂದ ತೆಗೆದು ತೋರಿಸಿದ್ರ ಮುಗೀತು, ಯಾರೂ ಜಗಳ ತೆಗೀತಿರಲಿಲ್ಲ" ಅಂತಾರೆ ಅಪ್ಪ. ಮುತ್ತ್ಯಾ ತೀರಿಕೊಂಡ ಮೇಲೆ ಅದು ಟ್ರಂಕಿನ ತಳ ಸೇರಿತ್ತು.

ಹೋದ ವರ್ಷದಿಂದ ಅಪ್ಪನ ಕಣ್ಣು ಮಂಜಾಗುತ್ತಾ ಬಂತು. ಡಾಕ್ಟರು ಇದ್ದ ನೋಟ ಉಳಿಸಿಕೊಳ್ಳೋದಷ್ಟೇ ಸಾಧ್ಯ ಅಂದರು. ಆಗ ಅಪ್ಪ ಗಡಿಯಾರ ತೆಗೆಸಿದರು. "ಮುಳ್ಳು ಕಾಣದಿದ್ರೂ ನಡೀತದ. ಅದರ ಸಪ್ಪಳ ಒಮ್ಮೆ ಕೇಳಬೇಕು ನೋಡಪ" ಅಂದರು. ಹೀಗೆ ಶುರುವಾಯಿತು ಹುಡುಕಾಟ.

ನಮ್ಮ ಭಾಗಕ್ಕೆ ನಿಮಿಷದ ಲೆಕ್ಕ ತಂದದ್ದರಲ್ಲಿ ರೈಲಿನ ಪಾಲು ದೊಡ್ಡದು. ಮುಂಬೈ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಆ ಹಾದಿಯ ಮೇಲೇ ಇದೆ. ಮುತ್ತ್ಯಾನ ಗಡಿಯಾರದ ಬಿಳಿ ಡಯಲ್ ಮೇಲೆ 'ವೆಸ್ಟ್ ಎಂಡ್ ವಾಚ್ ಕಂಪನಿ, ಬಾಂಬೆ–ಕಲ್ಕತ್ತಾ' ಎಂದಿದೆ. ಇದು ಭಾರತದಲ್ಲಿ ಗಡಿಯಾರ ಮಾರುತ್ತಿದ್ದ ಸ್ವಿಸ್ ಸಂಸ್ಥೆ. ಲಾಂಜಿನ್ಸ್‌ನಂಥ ಬೇರೆ ತಯಾರಕರ ಮಷಿನ್‌ಗಳೂ ಇದರ ಹೆಸರಿನಲ್ಲಿ ಬಂದಿವೆ. ಹಾಗಾಗಿ ಡಯಲ್ ನೋಡಿ ಬಿಡಿಭಾಗ ಕೇಳಿದರೆ ಉಪಯೋಗವಿಲ್ಲ.

ಯಾದಗಿರಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ರಿಪೇರಿ ಕಾಕಾ ಇದ್ದಾರೆ. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಎರಡೇ ನಿಮಿಷ ನೋಡಿ ಹೇಳಿದರು: "ತಮ್ಮಾ, ಸ್ಪ್ರಿಂಗ್ ಸೋತದ. ಅದು ಸಿಗ್ತದ, ಚಿಂತಿಲ್ಲ. ಬ್ಯಾಲೆನ್ಸಿನ ಸ್ಟಾಫ್ ಮುರದದ. ಅದು ಸಿಗೋದ ಕಷ್ಟ."

ಬ್ಯಾಲೆನ್ಸ್ ಅಂದರೆ ಒಳಗೆ ಅತ್ತಿತ್ತ ಓಲಾಡುವ ಚಕ್ರ. ಇಂಥ ಗಡಿಯಾರಗಳಲ್ಲಿ ಸಾಮಾನ್ಯವಾಗಿ ತಾಸಿಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಆ ಚಕ್ರದ ಅಚ್ಚೇ ಸ್ಟಾಫ್. ಅದರ ತುದಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸಪೂರ. 1930ರ ದಶಕದಲ್ಲಿ ಇಂಕಾಬ್ಲಾಕ್‌ನಂಥ ಏಟು ತಡೆಯುವ ವ್ಯವಸ್ಥೆ ಬಂತು. ಅದಿಲ್ಲದ ಹಳೆಯ ಗಡಿಯಾರ ಒಮ್ಮೆ ಕೈಜಾರಿದರೂ ತುದಿ ಮುರಿಯಬಹುದು.

ಬೇರೊಂದು ಅಂಗಡಿಯಲ್ಲಿ "ಒಳಗಿಂದು ತೆಗೆದು ಬ್ಯಾಟರಿ ಮಷಿನ್ ಕೂಡಿಸಿಬಿಡ್ತೀವಿ, ಸಂಜೆಗೆ ಒಯ್ಯಿರಿ" ಅಂದರು. ಟೈಮೇನೋ ತೋರಿಸುತ್ತಿತ್ತು. ಅಪ್ಪ ಕೇಳಿದ ಸಪ್ಪಳ ಮಾತ್ರ ಬರುತ್ತಿರಲಿಲ್ಲ. ಬೇಡ ಅಂದೆ.

ಹಲವರು ಎಚ್ಎಂಟಿ ಪಾರ್ಟ್ಸ್ ಕೇಳಿ ನೋಡು ಅಂದರು. ಜಪಾನಿನ ಸಿಟಿಜನ್ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್ಎಂಟಿ ಗಡಿಯಾರ ಕಾರ್ಖಾನೆಯ ಕಥೆ ಗೊತ್ತೇ ಇದೆ. ಎಚ್ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಹಳೆಯ ರಿಪೇರಿಯವರ ಡಬ್ಬಿಗಳಲ್ಲಿ ಅದರ ಬಿಡಿಭಾಗ ಇವತ್ತಿಗೂ ಸಿಗುತ್ತವೆ. ಎಚ್ಎಂಟಿ ಕಿಸೆ ಗಡಿಯಾರ ಇದ್ದವರು ಅಷ್ಟರಮಟ್ಟಿಗೆ ಅದೃಷ್ಟವಂತರು. ನಮ್ಮ ಸ್ವಿಸ್ ಮಷಿನ್‌ಗೆ ಅವು ಕೂಡುವುದಿಲ್ಲ.

ಕಾಕಾ ಬ್ಯಾಲೆನ್ಸ್ ಎತ್ತಿ ಕೆಳಗಿನ ಗುರುತು, ನಂಬರ್ ತೋರಿಸಿದರು. ಮಷಿನ್ನಿನ ಅಡ್ಡಳತೆ 43 ಮಿ.ಮೀ. ಗಡಿಯಾರದವರ ಹಳೆಯ ಅಳತೆ 'ಲಿನ್'. ಒಂದು ಲಿನ್ ಅಂದರೆ ಸುಮಾರು 2.26 ಮಿ.ಮೀ., ಹಾಗಾಗಿ ನಮ್ಮದು 19 ಲಿನ್. ಮೇನ್ ಸ್ಪ್ರಿಂಗಿನ ಅಗಲ, ದಪ್ಪ, ಉದ್ದ ಮೂರನ್ನೂ ಅಳೆದುಕೊಂಡೆ. ಆ ಅಳತೆಯ ಹೊಸ ಸ್ಪ್ರಿಂಗ್ ಬೆಂಗಳೂರಿನ ಚಿಕ್ಕಪೇಟೆ ಸುತ್ತಲಿನ ಗಲ್ಲಿಯೊಂದರಲ್ಲಿ ಸಿಕ್ಕಿತು. ಸ್ಟಾಫ್ ಮಾತ್ರ ಅದೇ ನಂಬರಿನ ಮಷಿನ್ನಿನದೇ ಆಗಬೇಕು, ಇಲ್ಲವೇ ಲೇಥ್ ಮೇಲೆ ಹೊಸದಾಗಿ ಕಡೆಯಬೇಕು. ಕಡೆಯುವವರು ನನಗೆ ಸಿಗಲಿಲ್ಲ.

ಐದು ತಿಂಗಳ ನಂತರ ಮುಂಬೈನ ಚೋರ್ ಬಜಾರಿನ ವ್ಯಾಪಾರಿಯೊಬ್ಬರ ಹತ್ತಿರ ಅದೇ ನಂಬರಿನ ಮಷಿನ್ ಇದೆಯೆಂದು ತಿಳಿಯಿತು. ಕವಚವಿಲ್ಲ, ಡಯಲ್ ಒಡೆದಿದೆ. ನಂಬರಿನ ಫೋಟೊ, ಚಕ್ರ ಸಲೀಸಾಗಿ ಓಲಾಡುವ ವಿಡಿಯೊ ತರಿಸಿಕೊಂಡು ನೋಡಿದ ಮೇಲೆ 3,500 ರೂಪಾಯಿ ಕಳಿಸಿದೆ.

ಅದು ಕೈಗೆ ಬಂದಾಗ ಮನಸ್ಸು ತೂಗಾಡಿತು. ಒಂದನ್ನು ಉಳಿಸಲು ಇನ್ನೊಂದನ್ನು ಕೆಡಿಸಬೇಕಲ್ಲ? ಕಾಕಾ ದಾರಿ ತೋರಿಸಿದರು. ಸ್ಟಾಫ್ ಒಂದನ್ನೇ ಬಿಚ್ಚುವುದು ಬೇಡ, ಬಿಚ್ಚುವಾಗ ಚಕ್ರ ಸೊಟ್ಟಾಗಬಹುದು. ಚಕ್ರಕ್ಕೂ ಅದರ ಹೇರ್ ಸ್ಪ್ರಿಂಗಿಗೂ ಮೊದಲೇ ಹೊಂದಿಸಿರುತ್ತಾರೆ, ಹಾಗಾಗಿ ಪೂರ್ತಿ ಬ್ಯಾಲೆನ್ಸನ್ನೇ ಕೂಡಿಸೋಣ, ನಿಮ್ಮದನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳಿ ಅಂದರು. ಮುಂದೆಂದಾದರೂ ಸ್ಟಾಫ್ ಸಿಕ್ಕರೆ ಎರಡನ್ನೂ ಮೊದಲಿನಂತೆ ಮಾಡಬಹುದು.

"ಹಿಂಗ ಮಾಡಿದ್ರ ಅದು ಮುತ್ತ್ಯಾನ ಗಡಿಯಾರ ಉಳೀತದೇನಪ್ಪಾ?" ಅಂತ ಫೋನಿನಲ್ಲಿ ಕೇಳಿದೆ. "ಕುಂಟಿಗೆ ಕುಡ ಬದಲಿ ಮಾಡಿದ್ರ ಕುಂಟಿ ಮಂದೀದು ಆಗ್ತದೇನೋ?" ಅಂದರು ಅಪ್ಪ.

ಒಣಗಿದ ಎಣ್ಣೆ ತೊಳೆದು, ಹೊಸ ಸ್ಪ್ರಿಂಗ್ ಹಾಕಿ ಕಾಕಾ ಚಾವಿ ಕೊಟ್ಟಾಗ ಅಂಗಡಿಯಲ್ಲಿದ್ದ ನಾವಿಬ್ಬರೂ ಮಾತಾಡಲಿಲ್ಲ. ಈಗ ದಿನಕ್ಕೆ ಮೂರು ನಿಮಿಷ ಹಿಂದೆ ಬೀಳುತ್ತದೆ. ಬೆಳಗಿನ ಚಹಾ ಆದ ಮೇಲೆ ಅಪ್ಪ ತಾವೇ ಚಾವಿ ಕೊಡ್ತಾರೆ, ಮುಳ್ಳನ್ನು ಅವ್ವ ಸರಿ ಮಾಡ್ತಾಳೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ, ನೋಡಿಸುವ ಮೊದಲು ಚಾವಿ ತಿರುವಲು ಹೋಗಬೇಡಿ. ಒಳಗಿನ ನಂಬರಿನ ಫೋಟೊ ತೆಗೆಸಿ ಇಟ್ಟುಕೊಳ್ಳಿ. ಮುರಿದ ತುಣುಕನ್ನೂ ಎಸೆಯಬೇಡಿ, ಹೊಸದರ ಅಳತೆಗೆ ಅದೇ ಆಧಾರ. ಹಿಂದಿನ ಮುಚ್ಚಳದ ಒಳಗೆ ಗೀಚಿದ ಸಣ್ಣ ಅಕ್ಷರ ಕಂಡರೆ ಉಜ್ಜಬೇಡಿ, ಹಿಂದೆ ರಿಪೇರಿ ಮಾಡಿದವರು ಇಟ್ಟ ಗುರುತು ಅದು. ನಮ್ಮದರಲ್ಲಿ ಮೂರಿದ್ದವು. ಈಗ ಕಾಕಾ ನಾಲ್ಕನೆಯದು ಹಾಕಿದ್ದಾರೆ. ಅವರ ಹತ್ತಿರ ಕೆಲಸ ಕಲಿಯುವ ಹುಡುಗರು ಯಾರೂ ಇಲ್ಲ. ಹಾಗಾಗಿ ಮಾಡಿಸುವುದಿದ್ದರೆ ಮುಂದಿನ ಹಬ್ಬಕ್ಕೆ ಅಂತ ಕಾಯಬೇಡಿ, ಈ ವಾರವೇ ಹೋಗಿ ಬನ್ನಿ.