ಎಂಟು ಬೆರಳಿನ ನಾಯಕ, ಹನ್ನೆರಡು ಮಹಡಿಯ ನಗು

ಸೂಟು ತೊಟ್ಟ, ದುಂಡು ಕನ್ನಡಕದ ಹುಡುಗನೊಬ್ಬ ಎತ್ತರದ ಕಟ್ಟಡದ ಗಡಿಯಾರದ ಮುಳ್ಳು ಹಿಡಿದು ಜೋತಾಡುವ ಫೋಟೋವನ್ನು ನೀವು ಎಲ್ಲೋ ನೋಡಿಯೇ ಇರುತ್ತೀರಿ. ಕೆಳಗೆ ಇರುವೆ ಸಾಲಿನಂತೆ ಕಾರುಗಳು. ಸಿನಿಮಾದ ಹೆಸರು ‘ಸೇಫ್ಟಿ ಲಾಸ್ಟ್’, ತೆರೆಕಂಡದ್ದು 1923ರಲ್ಲಿ, ನಾಯಕ ಹೆರಾಲ್ಡ್ ಲಾಯ್ಡ್. ಆ ಹುಡುಗನ ಬಲಗೈಯಲ್ಲಿ ಹೆಬ್ಬೆರಳೂ ಇರಲಿಲ್ಲ, ತೋರುಬೆರಳೂ ಇರಲಿಲ್ಲ ಎಂಬುದು ನಿಮಗೆ ಗೊತ್ತೇ?

1919ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸಿನ ಸ್ಟುಡಿಯೋ ಒಂದರಲ್ಲಿ ಪ್ರಚಾರಕ್ಕೆಂದು ಲಾಯ್ಡ್‌ರ ಫೋಟೋ ತೆಗೆಯುತ್ತಿದ್ದರು. ಕೈಯಲ್ಲಿ ಬತ್ತಿ ಹೊತ್ತಿಸಿದ ಬಾಂಬು. ಬರೀ ನಾಟಕದ ಸಾಮಾನು ಎಂದು ಎಲ್ಲರೂ ತಿಳಿದಿದ್ದರು. ಅದು ಸಿಡಿಯಿತು. ಮುಖ ಸುಟ್ಟಿತು, ಕೆಲಕಾಲ ಕಣ್ಣು ಕಾಣದಾಯಿತು, ಎರಡು ಬೆರಳು ಹೋದವು. ಚೇತರಿಸಿಕೊಂಡು ಬಂದವರು ಕೃತಕ ಬೆರಳು ಹೊಲಿಸಿದ, ಮೈಬಣ್ಣದ ಕೈಗವಸು ತೊಟ್ಟು ಕ್ಯಾಮೆರಾ ಮುಂದೆ ನಿಂತರು. ಪ್ರೇಕ್ಷಕರ ಅನುಕಂಪ ಅವರಿಗೆ ಬೇಕಿರಲಿಲ್ಲ. ಅಯ್ಯೋ ಪಾಪ ಎಂದವರು ಆಮೇಲೆ ಮನಸಾರೆ ನಗುವುದು ಕಷ್ಟ, ಆದ್ದರಿಂದ ಅವರು ಮಾಡಿದ್ದೇ ಸರಿ ಎನಿಸುತ್ತದೆ. ಇದೆಲ್ಲ ಗೊತ್ತಿದ್ದು ಆ ಗಡಿಯಾರದ ದೃಶ್ಯವನ್ನು ಇನ್ನೊಮ್ಮೆ ನೋಡಿದರೆ ಮೈ ಜುಮ್ಮೆನ್ನುತ್ತದೆ.

ಲಾಯ್ಡ್‌ರ ಕನ್ನಡಕಕ್ಕೆ ಗಾಜೇ ಇರಲಿಲ್ಲ. ಬರೀ ಚೌಕಟ್ಟು. 1917ರಿಂದ ಅದೇ ಅವರ ಗುರುತು.

‘ಸೇಫ್ಟಿ ಲಾಸ್ಟ್’ನ ಕಥೆ ಸರಳ. ಹಳ್ಳಿಯ ಹುಡುಗ ಪಟ್ಟಣಕ್ಕೆ ಬಂದು ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಗುಮಾಸ್ತನಾಗುತ್ತಾನೆ, ಊರಿನಲ್ಲಿರುವ ಹುಡುಗಿಗೆ ಮಾತ್ರ ದೊಡ್ಡ ಹುದ್ದೆಯಲ್ಲಿದ್ದೇನೆಂದು ಕಾಗದ ಬರೆಯುತ್ತಾನೆ. ಅಂಗಡಿಗೆ ಜನ ಸೇರಿಸುವ ಉಪಾಯ ಹೇಳಿದವರಿಗೆ 1000 ಡಾಲರ್ ಎಂದು ಕೇಳಿದ್ದೇ ತಡ, ತನ್ನ ಗೆಳೆಯನಿಂದ ಕಟ್ಟಡ ಹತ್ತಿಸುವ ಯೋಜನೆ ಹಾಕುತ್ತಾನೆ. ಗೆಳೆಯನ ಹಿಂದೆ ಪೊಲೀಸ್ ಬಿದ್ದಿದ್ದಾನೆ. ‘ಒಂದು ಮಹಡಿ ನೀನು ಹತ್ತು, ಅಷ್ಟರಲ್ಲಿ ಇವನಿಂದ ತಪ್ಪಿಸಿಕೊಂಡು ಬರುತ್ತೇನೆ’ ಎನ್ನುವ ಗೆಳೆಯ ಪ್ರತಿ ಕಿಟಕಿಯಲ್ಲೂ ಅದೇ ಮಾತು ಹೇಳಿ ಓಡುತ್ತಾನೆ. ಪಾರಿವಾಳಗಳು ಮೈಮೇಲೆ ಕೂರುತ್ತವೆ, ಬಲೆ ತಲೆಗೆ ಸುತ್ತಿಕೊಳ್ಳುತ್ತದೆ, ಪ್ಯಾಂಟಿನೊಳಗೆ ಇಲಿ ನುಗ್ಗುತ್ತದೆ. ಒಂದು ಕಿಟಕಿಯ ಹಾಸ್ಯ ಇನ್ನೊಂದಕ್ಕೆ ಮರುಕಳಿಸುವುದಿಲ್ಲ. ಈ ಸಿನಿಮಾದ ದೊಡ್ಡ ಕಸುಬುಗಾರಿಕೆ ನನಗೆ ಕಾಣುವುದು ಇಲ್ಲಿ.

ಆ ಗೆಳೆಯನ ಪಾತ್ರ ಮಾಡಿದವರು ಬಿಲ್ ಸ್ಟ್ರದರ್. ನಿಜಜೀವನದಲ್ಲೂ ಕಟ್ಟಡ ಹತ್ತುವುದೇ ಅವರ ವೃತ್ತಿ. ಲಾಸ್ ಏಂಜಲೀಸಿನಲ್ಲಿ ಅವರು ಗೋಡೆ ಏರುತ್ತಿದ್ದುದನ್ನು ಕಂಡ ಲಾಯ್ಡ್‌ರಿಗೆ ನೋಡಲು ಧೈರ್ಯ ಸಾಲದೆ, ಬೀದಿಯ ತಿರುವಿನಲ್ಲಿ ಮರೆಯಾಗಿ ನಿಂತು ಆಗಾಗ ಇಣುಕಿದರಂತೆ. ಸಿನಿಮಾ ಹುಟ್ಟಿದ್ದೇ ಆ ಎದೆಬಡಿತದಿಂದ.

ಮೊದಲು ಚಿತ್ರೀಕರಿಸಿದ್ದು ಕೊನೆಯ ಭಾಗವನ್ನು! ಕಟ್ಟಡ ಹತ್ತುವ ದೃಶ್ಯ ಚೆನ್ನಾಗಿ ಬಂದ ಮೇಲೆಯೇ ಅದಕ್ಕೆ ತಕ್ಕ ಆರಂಭವನ್ನು ಹೆಣೆದರು.

ಹಾಗಾದರೆ ಆ ಎತ್ತರ ಸುಳ್ಳೇ? ಪೂರ್ತಿ ಸುಳ್ಳಲ್ಲ. ನಗರದ ನಿಜವಾದ ಕಟ್ಟಡಗಳ ತಾರಸಿಯ ಅಂಚಿನಲ್ಲಿ ಗೋಡೆಯ ಸೆಟ್ ಕಟ್ಟಿದರು. ಕ್ಯಾಮೆರಾವನ್ನು ಬೀದಿ ಕಾಣುವ ಕೋನದಲ್ಲಿ ಇಟ್ಟರು. ನಾಯಕ ಮೇಲೇರಿದಂತೆ ಸೆಟ್ಟೂ ಇನ್ನಷ್ಟು ಎತ್ತರದ ಕಟ್ಟಡಕ್ಕೆ ಹೋಯಿತು. ತೆರೆಯ ಮೇಲೆ ಕಾಣುವ ರಸ್ತೆ, ಟ್ರಾಮು, ಜನ ಎಲ್ಲ ಅಸಲಿ. ಲಾಯ್ಡ್ ನಿಂತ ಜಾಗದ ಕೆಳಗೆ, ಕ್ಯಾಮೆರಾಕ್ಕೆ ಕಾಣದಂತೆ, ಹಾಸಿಗೆ ಹಾಸಿದ ಅಟ್ಟಣಿಗೆ ಇತ್ತು. ಪರೀಕ್ಷೆಗೆಂದು ಒಂದು ಬೊಂಬೆಯನ್ನು ಅದರ ಮೇಲೆ ಬೀಳಿಸಿದಾಗ ಅದು ಪುಟಿದು ಬೀದಿಗೇ ಬಿತ್ತೆಂದು ಲಾಯ್ಡ್ ಮುಂದೆ ಹೇಳಿಕೊಂಡಿದ್ದರು. ಆದರೂ ಹತ್ತಿರದ ದೃಶ್ಯಗಳಲ್ಲಿ ಜೋತಾಡಿದವರು ಅವರೇ.

ದೂರದಿಂದ ತೆಗೆದ ದೃಶ್ಯಗಳಲ್ಲಿ ಗೋಡೆ ಹತ್ತುವುದು ಸ್ಟ್ರದರ್. ಹಾರ್ವೆ ಪ್ಯಾರಿ ಎಂಬ ಸಾಹಸ ಕಲಾವಿದರೂ ಕೆಲವು ಕಡೆ ಲಾಯ್ಡ್‌ರ ಬದಲಿಗೆ ನಿಂತಿದ್ದರು, ಲಾಯ್ಡ್ 1971ರಲ್ಲಿ ತೀರಿಕೊಳ್ಳುವವರೆಗೂ ಪ್ಯಾರಿ ಆ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಇವರಿಬ್ಬರ ಹೆಸರನ್ನೂ ಲಾಯ್ಡ್‌ರ ಜೊತೆಗೇ ಹೇಳಬೇಕು.

ನಾಯಕಿ ಮಿಲ್ಡ್ರೆಡ್ ಡೇವಿಸ್. ಸಿನಿಮಾ ಬಿಡುಗಡೆಯಾದ ವರ್ಷವೇ ಲಾಯ್ಡ್‌ರನ್ನು ಮದುವೆಯಾದರು. 1969ರಲ್ಲಿ ಅವರು ಕಣ್ಮುಚ್ಚುವ ತನಕ ಈ ದಾಂಪತ್ಯ ಉಳಿಯಿತು.

ಸಿನಿಮಾಗಳಿಗೆ ಮಾತು ಬಂದ ಮೇಲೆ, 1930ರಲ್ಲಿ, ‘ಫೀಟ್ ಫಸ್ಟ್’ ಚಿತ್ರದಲ್ಲಿ ಲಾಯ್ಡ್ ಮತ್ತೆ ಕಟ್ಟಡ ಹತ್ತಿದರು. ಅದರಲ್ಲಿ ಏದುಸಿರು, ಕೂಗಾಟ ಎಲ್ಲ ಕೇಳಿಸುತ್ತದೆ. ಭಯ ಹೆಚ್ಚಾಯಿತು, ನಗು ಇಳಿಯಿತು.

1983ರ ‘ಪ್ರಾಜೆಕ್ಟ್ ಎ’ ಚಿತ್ರದಲ್ಲಿ ಜಾಕಿ ಚಾನ್ ಕೂಡ ಗಡಿಯಾರದ ಮುಳ್ಳಿಗೆ ಜೋತುಬಿದ್ದರು. ಲಾಯ್ಡ್ ಬೀಳದೆ ಉಳಿದು ನಗಿಸಿದರೆ, ಚಾನ್ ಮುಳ್ಳು ಬಿಟ್ಟು, ಬಟ್ಟೆಯ ಚಪ್ಪರಗಳನ್ನು ಹರಿದುಕೊಂಡು ನೆಲಕ್ಕೇ ಬಿದ್ದರು. ಅದೂ ಒಂದೇ ಸಲಕ್ಕೆ ಮುಗಿಯಲಿಲ್ಲ, ಮತ್ತೆ ಮೇಲೆ ಹೋಗಿ ಬಿದ್ದರು.