ಕಿವಿಯ ಕೆಳಗಿನ ಗಂಟು, ಮುಖದ ನರ

ಕಿವಿಯ ಹಾಲೆಯ ಕೆಳಗೆ ಕಡಲೆಯಷ್ಟು ಗಂಟು. ನೋವಿಲ್ಲ, ಜ್ವರವಿಲ್ಲ. ಮಂಗನಬಾವು ಆಗಿದ್ದರೆ ಒಂದೆರಡು ವಾರದಲ್ಲಿ ಇಳಿದುಹೋಗುತ್ತಿತ್ತು. ಇದು ಇಳಿಯುವುದೂ ಇಲ್ಲ, ಗಾಬರಿ ಹುಟ್ಟಿಸುವಷ್ಟು ಬೇಗ ಬೆಳೆಯುವುದೂ ಇಲ್ಲ. 'ನೋವಿಲ್ಲವಲ್ಲ, ಇರಲಿ ಬಿಡು' ಎಂದು ವರ್ಷಗಟ್ಟಲೆ ದಿನ ದೂಡುವವರು ನಮ್ಮಲ್ಲಿ ಬಹಳ.

ಗಂಟಿರುವುದು ಪ್ಯಾರೊಟಿಡ್ ಎಂಬ ದೊಡ್ಡ ಜೊಲ್ಲುಗ್ರಂಥಿಯಲ್ಲಿ. ಜೊಲ್ಲುಗ್ರಂಥಿಗಳ ಗಡ್ಡೆಗಳಲ್ಲಿ ಸುಮಾರು ಶೇ. 80ರಷ್ಟು ಇಲ್ಲೇ ಏಳುತ್ತವೆ. ಅವುಗಳಲ್ಲೂ ಸುಮಾರು ಶೇ. 80ರಷ್ಟು ಕ್ಯಾನ್ಸರ್ ಅಲ್ಲ. ಹೆಚ್ಚಾಗಿ ಕಾಣುವುದು ಪ್ಲಿಯೊಮಾರ್ಫಿಕ್ ಅಡಿನೋಮ. ಸಾಧು ಗಡ್ಡೆಯೇ, ಆದರೆ ಹಲವು ವರ್ಷ ಹಾಗೇ ಬಿಟ್ಟರೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಸೂಜಿ ಹಾಕಿ ಜೀವಕೋಶ ತೆಗೆದು ನೋಡಿದರೆ ಬಹುಪಾಲು ಗೊತ್ತಾಗುತ್ತದೆ.

ಇದನ್ನು ಕೊಬ್ಬಿನ ಗಂಟಿನ ಹಾಗೆ ಚರ್ಮ ಸೀಳಿ ಕಿತ್ತು ತೆಗೆಯುವಂತಿಲ್ಲ. ಗಡ್ಡೆಯ ಹೊದಿಕೆ ಎಲ್ಲ ಕಡೆ ಗಟ್ಟಿಯಾಗಿರುವುದಿಲ್ಲ. ಸಣ್ಣ ಮೊಳಕೆಗಳು ಅದನ್ನು ದಾಟಿರುತ್ತವೆ. ಅವು ಒಳಗುಳಿದರೆ ವರ್ಷಗಳಾದ ಮೇಲೆ ಒಂದರ ಜಾಗದಲ್ಲಿ ಹತ್ತು ಗಂಟು. ಇನ್ನೊಂದು ಕಾರಣ ಮುಖದ ನರ. ಕಿವಿಯ ಹಿಂದಿನ ಎಲುಬಿನ ರಂಧ್ರದಿಂದ ಹೊರಬಂದು ಅದು ನೇರ ಈ ಗ್ರಂಥಿಯೊಳಗೇ ನುಗ್ಗಿ, ಐದು ಕವಲಾಗಿ ಹಣೆ, ಕಣ್ಣು, ಕೆನ್ನೆ, ತುಟಿ, ಕುತ್ತಿಗೆಗೆ ಹರಡುತ್ತದೆ. ಶೇಂಗಾ ಬಳ್ಳಿಯ ಬೇರು ಕಡಿಯದೆ ಬುಡದ ಕಲ್ಲು ತೆಗೆಯುವಂಥ ಕೆಲಸ. ಕವಲು ಕಡಿದರೆ ಕಣ್ಣು ಮುಚ್ಚುವುದಿಲ್ಲ, ಕುಡಿದ ನೀರು ತುಟಿಯಂಚಿನಿಂದ ಸೋರುತ್ತದೆ, ನಗು ವಕ್ರವಾಗುತ್ತದೆ.

ಹಾಗಾಗಿ ನುರಿತ ಸರ್ಜನ್ ಮೊದಲು ಗಡ್ಡೆಗೆ ಕೈ ಹಾಕುವುದಿಲ್ಲ, ನರವನ್ನು ಹುಡುಕುತ್ತಾರೆ. ಕಿವಿಯ ಮುಂದಿನಿಂದ ಇಳಿದು, ಹಾಲೆಯನ್ನು ಬಳಸಿ ಕುತ್ತಿಗೆಗೆ ಸಾಗುವ ಗಾಯ ಮಾಡಿ, ಕಿವಿಯ ಮೃದ್ವಸ್ಥಿಯ ತುದಿ ಮತ್ತು ಡೈಗ್ಯಾಸ್ಟ್ರಿಕ್ ಸ್ನಾಯುವಿನ ಗುರುತು ಹಿಡಿದು ಆಳಕ್ಕಿಳಿಯುತ್ತಾರೆ. ಎರಡು-ಮೂರು ಮಿಲಿಮೀಟರ್ ದಪ್ಪದ ಬಿಳಿ ಎಳೆ ಕಂಡ ಮೇಲೆ ಒಂದೊಂದೇ ಕವಲನ್ನು ಬಿಡಿಸುತ್ತ, ಮೇಲಿನ ಗ್ರಂಥಿಯ ಜೊತೆಗೇ ಗಡ್ಡೆಯನ್ನು ಎತ್ತುತ್ತಾರೆ. ಮುಖದ ಸ್ನಾಯುಗಳಿಗೆ ಸೂಜಿಯಂಥ ಎಲೆಕ್ಟ್ರೋಡ್ ಚುಚ್ಚಿಟ್ಟಿದ್ದರೆ, ಉಪಕರಣ ನರದ ಹತ್ತಿರ ಹೋದಾಗ ಮಾನಿಟರ್ ಸದ್ದು ಮಾಡಿ ಎಚ್ಚರಿಸುತ್ತದೆ. ಅದು ನೆರವು ಮಾತ್ರ. ಕಣ್ಣು-ಕೈಗಳ ಅನುಭವಕ್ಕೆ ಬದಲಿಯಲ್ಲ.

ನರ ಉಳಿದರೂ ಕೆಲವು ವಾರ ಅಥವಾ ತಿಂಗಳು ಮುಖದ ಸ್ನಾಯುಗಳ ಬಲ ಕುಗ್ಗಬಹುದು. ಸಾಮಾನ್ಯವಾಗಿ ಮರಳಿ ಬರುತ್ತದೆ. ಅಲ್ಲಿಯವರೆಗೆ ಕಣ್ಣು ಒಣಗದಂತೆ ಹನಿ ಹಾಕಬೇಕು. ಹಾಲೆ ಮರಗಟ್ಟುವುದುಂಟು. ತಿಂಗಳುಗಳಾದ ಮೇಲೆ ಮಿರ್ಚಿ ಕಚ್ಚಿದೊಡನೆ ಆ ಕೆನ್ನೆಯಷ್ಟೇ ಬೆವರಿದರೆ ಹೆದರಬೇಡಿ: ಜೊಲ್ಲಿಗೆ ಹೋಗಬೇಕಾದ ನರದೆಳೆಗಳು ಬೆವರಿನ ಗ್ರಂಥಿಗೆ ಬೆಸೆದುಕೊಂಡಿರುತ್ತವೆ. ಪೋಲೆಂಡಿನ ವೈದ್ಯೆ ಲೂಸಿಯಾ ಫ್ರೇ 1923ರಲ್ಲಿ ಇದನ್ನು ವಿವರಿಸಿದರು. ಗಡ್ಡೆ ಕ್ಯಾನ್ಸರ್ ಆಗಿ ನರವನ್ನೇ ಹಿಡಿದಿದ್ದರೆ ಮಾತ್ರ ಆ ಭಾಗ ತೆಗೆದು, ಕಾಲಿನಿಂದಲೋ ಕುತ್ತಿಗೆಯಿಂದಲೋ ನರ ತಂದು ಜೋಡಿಸುತ್ತಾರೆ. ಶಸ್ತ್ರಕ್ರಿಯೆಗೆ ಮೊದಲೇ ಮುಖ ಸೊಟ್ಟಗಾಗಿದ್ದರೆ ಒಂದು ದಿನವೂ ತಡಮಾಡಬಾರದು.

ಮೊದಲ ಶಸ್ತ್ರಕ್ರಿಯೆಯೇ ಸರಿಯಾಗಿ ಆಗಬೇಕು. ಮರಳಿ ಬಂದ ಗಡ್ಡೆ ತೆಗೆಯುವಾಗ ಹಳೆಯ ಗಾಯದ ಅಂಟಿನಲ್ಲಿ ನರ ಹುಡುಕುವುದು ದುಸ್ತರ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯವರು ಊರಲ್ಲೇ ಗಂಟು ಕೊಯ್ಯಿಸಿಕೊಳ್ಳುವ ಬದಲು ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜುಗಳ ಕಿವಿ-ಮೂಗು-ಗಂಟಲು ವಿಭಾಗಕ್ಕೆ ತೋರಿಸುವುದು ಮೇಲು. ಕ್ಯಾನ್ಸರ್ ಎಂದಾದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಹೊರಡುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಚೀಟಿ ಬರೆಸಿಕೊಳ್ಳಿ.