ಅನಿರೀಕ್ಷಿತ ಐಶ್ವರ್ಯ ಮತ್ತು ಮನೆತನ: ಕನ್ನಡ ಕಥಾಸಾಹಿತ್ಯದ ಒಂದು ವಿಚಾರ

'ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ' ಎಂಬ ಗಾದೆ ಕನ್ನಡನಾಡಿನಲ್ಲೆಲ್ಲ ಬಳಕೆಯಲ್ಲಿದೆ. ದೋಷವಿರುವುದು ಐಶ್ವರ್ಯದಲ್ಲಲ್ಲ, ಅದನ್ನು ಪಡೆದವನ ಅಲ್ಪತನದಲ್ಲಿ ಎಂಬುದು ಈ ಗಾದೆಯ ಅಭಿಪ್ರಾಯ. ನೀತಿಗ್ರಂಥಗಳೂ ಲೋಭವನ್ನು ಅರಿಷಡ್ವರ್ಗದಲ್ಲಿ ಸೇರಿಸಿ, ಅದನ್ನು ಒಬ್ಬೊಬ್ಬ ವ್ಯಕ್ತಿಯ ಅಂತರಂಗದ ಶತ್ರುವೆಂದೇ ಎಣಿಸಿವೆ. ಕಥೆಗಾರರು ಮಾತ್ರ ಈ ವಿವರಣೆಯಿಂದ ತೃಪ್ತರಾದಂತೆ ಕಾಣುವುದಿಲ್ಲ. ಅವರ ಕಥೆಗಳಲ್ಲಿ ಹಣವು ಬಂದು ಸೇರುವುದು ಒಬ್ಬ ಮನುಷ್ಯನ ಕೈಗಲ್ಲ, ಒಂದು ಮನೆಗೆ. ಕೆಡುವುದೂ ಆ ಮನೆಯೇ. ಅದು ಹೇಗೆ ಕೆಡುತ್ತದೆ, ಯಾರಿಂದ ಮೊದಲು ಕೆಡುತ್ತದೆ ಎಂಬುದನ್ನು ಕೆಲವು ಕೃತಿಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕರಾದ ನಮಗೆ ಕಥೆ ಕಾದಂಬರಿಗಳ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಕಾರ್ಕಳದ ಗೊಮ್ಮಟನನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಸುಮಾರು 42 ಅಡಿ ಎತ್ತರದ ಆ ಮೂರ್ತಿಯು 1432ರಲ್ಲಿ ಪ್ರತಿಷ್ಠಿತವಾಯಿತೆಂದೂ, ಅದನ್ನು ಮಾಡಿಸಿದವನು ಭೈರರಸ ವಂಶದ ವೀರಪಾಂಡ್ಯನೆಂದೂ, ಗುರು ಲಲಿತಕೀರ್ತಿಗಳ ಉಪದೇಶವೇ ಅದಕ್ಕೆ ಪ್ರೇರಣೆಯೆಂದೂ ಅಲ್ಲಿಯ ಶಾಸನದಿಂದ ತಿಳಿದುಬರುತ್ತದೆ. ಆದರೆ ಕಡೆದವನ ಕಥೆ ಬೇಕಾದರೆ ನಾವು ತುಳು ಪಾಡ್ದನಗಳ ಬಳಿಗೆ ಹೋಗಬೇಕು. ಇಂತಹ ಶಿಲ್ಪವು ಬೇರೆಲ್ಲಿಯೂ ಆಗಬಾರದೆಂದು ಅರಸನು ಶಿಲ್ಪಿ ಕಲ್ಕುಡನ ಒಂದು ಕೈ, ಒಂದು ಕಾಲು ಕಡಿಸಿದನೆಂದೂ, ಅಣ್ಣನ ಗತಿಯನ್ನು ಕಂಡ ತಂಗಿ ಕಲ್ಲುರ್ಟಿಯು ಅರಸನ ಮೇಲೆ ಹಗೆ ತೀರಿಸಿಕೊಂಡಳೆಂದೂ, ಅವರಿಬ್ಬರೂ ದೈವಗಳಾಗಿ ಇಂದಿಗೂ ಆರಾಧನೆ ಪಡೆಯುತ್ತಿರುವರೆಂದೂ ಪಾಡ್ದನವು ಹೇಳುತ್ತದೆ. ಇದು ನಡೆದ ಸಂಗತಿಯೆಂದು ಯಾವ ಇತಿಹಾಸಕಾರನೂ ಬರೆಯಲಾರ. ವೀರಪಾಂಡ್ಯನ ಮೇಲೆ ಈ ಆರೋಪವನ್ನು ಹೊರಿಸಲು ನಮ್ಮಲ್ಲಿ ಆಧಾರವೂ ಇಲ್ಲ. ಆದರೆ ಒಂದು ಸಮಾಜವು ಒಡೆತನದ ಲೋಭವನ್ನು ಹೇಗೆ ಅರ್ಥಮಾಡಿಕೊಂಡಿತ್ತು ಎಂಬುದಕ್ಕೆ ಈ ಪಾಡ್ದನವೇ ದಾಖಲೆ. ವಸ್ತುವಿನ ಒಡೆಯನು ಅದನ್ನು ಮಾಡಿದ ಕೈಯನ್ನು ಜನರ ಕಣ್ಣಿನಿಂದ ಮರೆಮಾಡಲು ಬಯಸುವನು ಎಂಬ ತಿಳಿವಳಿಕೆ ಅದರಲ್ಲಿದೆ. ಕಂಡುದನ್ನು ಹೇಳಲು ಕಲ್ಲುರ್ಟಿಯಂತಹ ಒಬ್ಬ ಸಾಕ್ಷಿ ಬೇಕೆಂಬ ತಿಳಿವಳಿಕೆಯೂ ಇದೆ.

ಸಾಕ್ಷಿಯ ಮಾತು ಬಂದಾಗ ಕನ್ನಡ ಗದ್ಯದ ಒಂದು ಪ್ರಾಚೀನ ಕಥೆ ನೆನಪಿಗೆ ಬರುವುದು ಸಹಜ. ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 1031ರ ಸುಮಾರಿಗೆ ರಚಿಸಿದ 'ಪಂಚತಂತ್ರ'ದಲ್ಲಿ ಧರ್ಮಬುದ್ಧಿ ಮತ್ತು ದುಷ್ಟಬುದ್ಧಿ ಎಂಬ ಇಬ್ಬರು ವರ್ತಕಪುತ್ರರ ಕಥೆಯಿದೆ. ಶಾಲೆಯ ಪಠ್ಯದಲ್ಲಿ 'ವೃಕ್ಷಸಾಕ್ಷಿ' ಎಂಬ ಹೆಸರಿನಿಂದ ಓದಿದ ಕಾರಣ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ಇದು ಪರಿಚಿತ. ಪರದೇಶದ ವ್ಯಾಪಾರದಲ್ಲಿ ಗಳಿಸಿದ ಹೊನ್ನನ್ನು ಇಬ್ಬರೂ ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿಯು ರಾತ್ರಿ ಬಂದು ಅದನ್ನು ಕದ್ದು, ಕಳವಿನ ಆರೋಪವನ್ನು ಗೆಳೆಯನ ಮೇಲೆ ಹೊರಿಸಿ, ಮರವೇ ತನಗೆ ಸಾಕ್ಷಿಯೆಂದು ಧರ್ಮಾಧಿಕಾರಿಗಳ ಮುಂದೆ ವಾದಿಸುತ್ತಾನೆ. ಕಥೆಯ ತಿರುಳಿರುವುದು ಈ ಕಳವಿನಲ್ಲಲ್ಲ, ಅದರ ಅನಂತರದ ರಾತ್ರಿಯಲ್ಲಿ. ಮರದ ಪೊಟರೆಯಲ್ಲಿ ಅಡಗಿ ಕುಳಿತು ಸುಳ್ಳು ನುಡಿಯುವಂತೆ ಮಗನು ತನ್ನ ತಂದೆ ಪ್ರೇಮಮತಿಯನ್ನು ಬೇಡುತ್ತಾನೆ. ಇದು ಕೇಡಿನ ದಾರಿಯೆಂಬುದು ತಂದೆಗೆ ತಿಳಿದಿದೆ. ಹಾಗೆಂದು ಹೇಳಿಯೂ ಹೇಳುತ್ತಾನೆ. ಹೇಳಿದ ಮೇಲೂ ಹೋಗಿ ಪೊಟರೆಯಲ್ಲಿ ಕುಳಿತುಕೊಳ್ಳುತ್ತಾನೆ. ಧರ್ಮಬುದ್ಧಿಯು ಪೊಟರೆಗೆ ಬೆಂಕಿಯಿಕ್ಕಿದಾಗ ಬೆಂದು ಹೊರಗೆ ಬೀಳುವವನು ಈ ವೃದ್ಧನೇ. ಹೊನ್ನನ್ನು ಮುಟ್ಟಿಯೂ ಇರದ ಮನುಷ್ಯನು ಅದಕ್ಕಾಗಿ ಸುಳ್ಳು ಸಾಕ್ಷಿಯಾದನು. ತಂದೆಗೆ 'ಪ್ರೇಮಮತಿ' ಎಂದು ಹೆಸರಿಟ್ಟಲ್ಲಿ ಕವಿಯ ಅಭಿಪ್ರಾಯವಿರಬಹುದು. ಲೋಭವು ಅವನ ಮನಸ್ಸನ್ನು ಪ್ರವೇಶಿಸಿದ್ದು ಮಗನ ಮೇಲಿನ ಪ್ರೀತಿಯ ಬಾಗಿಲಿನಿಂದಲೇ.

ಪಾಶ್ಚಾತ್ಯ ಸಾಹಿತ್ಯದಲ್ಲಿ ಇದೇ ವಸ್ತುವನ್ನು ಒಂದು ಊರಿನ ಮಟ್ಟಕ್ಕೆ ವಿಸ್ತರಿಸಿದವನು ಅಮೆರಿಕದ ಮಾರ್ಕ್ ಟ್ವೈನ್. 1899ರಲ್ಲಿ ಪ್ರಕಟವಾದ ಅವನ ಕಥೆಯೊಂದರಲ್ಲಿ, ತನ್ನ ಪ್ರಾಮಾಣಿಕತೆಗಾಗಿ ಬೀಗುತ್ತಿದ್ದ ಹ್ಯಾಡ್ಲಿಬರ್ಗ್ ಎಂಬ ಪಟ್ಟಣದಲ್ಲಿ ಅಪರಿಚಿತನೊಬ್ಬನು ಚಿನ್ನದ ನಾಣ್ಯಗಳದೆಂದು ಹೇಳಲಾದ ಒಂದು ಚೀಲವನ್ನು ಬಿಟ್ಟುಹೋಗುತ್ತಾನೆ. ಅದಕ್ಕೆ ತಾವೇ ಹಕ್ಕುದಾರರೆಂದು ಊರಿನ ಹತ್ತೊಂಬತ್ತು ಮಂದಿ ಗಣ್ಯರೂ ಸುಳ್ಳು ಹೇಳಲು ಸಿದ್ಧರಾಗುತ್ತಾರೆ. ಕೊನೆಗೆ ನೋಡಿದರೆ ಚೀಲದಲ್ಲಿದ್ದುದು ಚಿನ್ನದ ಬಣ್ಣ ಬಳಿದ ಸೀಸ. ಕರಾವಳಿಯ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಮಂಗಳೂರಿನಲ್ಲಿ ಅಚ್ಚಾದುದೂ ಅದೇ 1899ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಗಣಿಸಲ್ಪಟ್ಟಿರುವ ಆ ಕೃತಿಯಲ್ಲಿಯೂ ಹಣವುಳ್ಳ ಮನೆಯೊಂದರೊಳಗೆ ಕಪಟ ಭಕ್ತಿ ತಳವೂರಿರುವ ಚಿತ್ರವಿದೆ. ಆದರೆ ಅದರ ಮುಖ್ಯ ಕಾಳಜಿ ವಿಧವೆಯ ವಿದ್ಯಾಭ್ಯಾಸ ಮತ್ತು ಪುನರ್ವಿವಾಹವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಹಣ ಬರುವ ರೀತಿಗೂ ಮನೆ ಕೆಡುವ ರೀತಿಗೂ ಇರುವ ಸಂಬಂಧವನ್ನು ನಮ್ಮ ನೆಲದಲ್ಲಿಯೇ ನಿಂತು ಪರೀಕ್ಷಿಸಿದವರು ಶಿವರಾಮ ಕಾರಂತರು. ಇಲ್ಲಿ ನಮ್ಮ ಪ್ರದೇಶದ ಆರ್ಥಿಕ ಇತಿಹಾಸದ ಎರಡು ಮಾತುಗಳು ಅಗತ್ಯ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಕರಾವಳಿಗೆ ನಗದು ಹಣವು ಮುಖ್ಯವಾಗಿ ಹೊರಗಿನಿಂದ ಬರತೊಡಗಿತು. ಕೋಟದ ಸಮೀಪದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉಪಾಹಾರಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಪ್ರಸಿದ್ಧವಾಯಿತು. ಅಡಿಗೆಮನೆಯ ಹೊಗೆಯಲ್ಲಿ ದುಡಿದು ಊರಿಗೆ ಹಣ ಕಳುಹಿಸಿದ ಇಂತಹ ಕುಟುಂಬಗಳು ಅನೇಕ. ಇತ್ತ 1925ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾಗಿ, ಮುಂದೆ ಮಣಿಪಾಲವನ್ನು ಕೇಂದ್ರವಾಗಿಸಿಕೊಂಡು, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಜಮಾ ಮಾಡಿಕೊಳ್ಳುತ್ತಿದ್ದ ಪದ್ಧತಿಯದು. ಎರಡಾಣೆಯ ಲೆಕ್ಕದಲ್ಲಿ ಬೆಳೆದ ಸಂಪತ್ತಿಗೆ ಮನೆಮಂದಿಯೆಲ್ಲ ಸಾಕ್ಷಿಗಳಾಗಿರುತ್ತಾರೆ. ಅದು ಯಾರ ಬೆವರೆಂದು ಮಕ್ಕಳಿಗೂ ತಿಳಿದಿರುತ್ತದೆ. ದೂರದ ಪಟ್ಟಣದಿಂದ ಮನಿಯಾರ್ಡರಿನ ರೂಪದಲ್ಲಿ ಬಂದ ಹಣದ ಸಂಗತಿ ಬೇರೆ. ದುಡಿದವನ ಪಾಲಿಗೆ ಅದು ವರ್ಷಗಟ್ಟಲೆಯ ಶ್ರಮದ ಫಲ, ಊರಿನಲ್ಲಿ ಕುಳಿತು ಪಡೆದವನ ಪಾಲಿಗೆ ಒಂದು ಬೆಳಗಿನಲ್ಲಿ ಬಂದ ಸಿರಿ. ಆದುದರಿಂದ 'ಹಠಾತ್' ಎಂಬ ಶಬ್ದವು ಕಾಲದ ಅಳತೆಯಲ್ಲ, ಶ್ರಮದಿಂದ ಇರುವ ದೂರದ ಅಳತೆ ಎಂದು ನಾವು ಭಾವಿಸುತ್ತೇವೆ.

1940ರ ದಶಕದ ಆರಂಭದಲ್ಲಿ ಹೊರಬಂದ ಕಾರಂತರ 'ಮರಳಿ ಮಣ್ಣಿಗೆ' ಈ ದೂರವನ್ನು ಮೂರು ತಲೆಮಾರುಗಳ ಕಥೆಯಲ್ಲಿ ತೋರಿಸಿದೆ. ಕೋಡಿಯ ರಾಮ ಐತಾಳರದು ಪೌರೋಹಿತ್ಯ ಮತ್ತು ಅಲ್ಪ ಭೂಮಿಯ ಸಂಸಾರ. ಅವರ ವಿಧವೆ ತಂಗಿ ಸರಸೋತಿ, ಹೆಂಡತಿ ಪಾರೋತಿ ಇಬ್ಬರೂ ಗದ್ದೆಯಲ್ಲಿ ದುಡಿಯುತ್ತಾರೆ, ಮಳೆಗಾಲದಲ್ಲಿ ಹೊಳೆಯಲ್ಲಿ ತೇಲಿಬರುವ ಕಟ್ಟಿಗೆಯನ್ನು ಹಿಡಿದು ತರುತ್ತಾರೆ. ಆ ಮನೆ ನಿಂತಿರುವುದು ಈ ಎರಡು ಜೀವಗಳ ಮೇಲೆ. ನೆರೆಯ ಶೀನಮಯ್ಯರ ಮಕ್ಕಳು ಬೆಂಗಳೂರಿನಲ್ಲಿ ಹೋಟೆಲು ನಡೆಸಿ ಹಣವಂತರಾದಾಗ ಐತಾಳರ ಮನಸ್ಸಿನಲ್ಲಿ ಪೈಪೋಟಿ ಹುಟ್ಟುತ್ತದೆ. ತಾನೇನು ಕಡಿಮೆ ಎಂದು ಅವರು ಎರಡನೆಯ ಹೆಂಡತಿ ಸತ್ಯಭಾಮೆಯ ಮಗ ಲಚ್ಚನನ್ನು ಇಂಗ್ಲಿಷ್ ವಿದ್ಯೆಗೆ ಕಳುಹಿಸುತ್ತಾರೆ. ಲಚ್ಚನು ಪಟ್ಟಣದಲ್ಲಿ ಇಸ್ಪೀಟು, ವ್ಯಭಿಚಾರಗಳನ್ನು ಕಲಿತು, ತಂದೆಯ ಹಣವನ್ನು ಕರಗಿಸಿ, ಹೆಂಡತಿ ನಾಗವೇಣಿಗೆ ರೋಗವನ್ನು ತಂದು, ಕೊನೆಗೆ ಅವಳ ಪಾಲಿನ ಆಸ್ತಿಯನ್ನೂ ವಂಚಿಸಿ ಕಸಿಯುತ್ತಾನೆ. ಇಂಗ್ಲಿಷ್ ವಿದ್ಯೆಯೇ ಕೇಡಿನ ಮೂಲವೆಂದು ಕಾರಂತರು ಹೇಳುತ್ತಿರುವರೆಂದು ಕೆಲವರು ಓದಿರುವುದುಂಟು. ಅದು ಸರಿಯೆಂದು ನಮಗೆ ತೋರುವುದಿಲ್ಲ. ಲಚ್ಚನ ಮಗ ರಾಮನೂ ಅದೇ ವಿದ್ಯೆಯನ್ನು ಪಡೆಯುತ್ತಾನೆ, ಆದರೆ ಕೆಡುವುದಿಲ್ಲ. ತನಗಾಗಿ ತಾಯಿ ಪಟ್ಟ ಕಷ್ಟವನ್ನು ಅವನು ಕಣ್ಣಾರೆ ಕಂಡಿದ್ದಾನೆ. ಲಚ್ಚನಾದರೋ ಸರಸೋತಿ, ಪಾರೋತಿಯರ ಬೆನ್ನು ಬಾಗಿದುದನ್ನು ಕಂಡೂ ಕಾಣದೆ ಬೆಳೆದವನು. ಶೀನಮಯ್ಯರ ಮಕ್ಕಳ ಹೋಟೆಲಿನ ಹಣವನ್ನೂ ಕಾರಂತರು ಪಾಪದ ಹಣವೆಂದು ಚಿತ್ರಿಸಿಲ್ಲವೆಂಬುದು ಗಮನಾರ್ಹ. (ಕಾದಂಬರಿಯ ಪಾತ್ರಗಳಿಗೆ ಊರಿನಲ್ಲಿ ಮೂಲವ್ಯಕ್ತಿಗಳನ್ನು ಹುಡುಕುವ ಚಪಲ ನಮ್ಮ ಕಡೆ ಬಹಳ. ಅದರಿಂದ ಕಾದಂಬರಿಗೂ ಊರಿಗೂ ಪ್ರಯೋಜನವಿಲ್ಲ.) ಐತಾಳರ ಮನೆ ಹಾಳಾದರೂ ಹಾಳಾದ ಬಗೆಯನ್ನು ಬಲ್ಲವರು ಆ ಮನೆಯಲ್ಲಿದ್ದಾರೆ. ರಾಮನು ಮರಳಿ ಮಣ್ಣಿಗೆ ಬರಲು ಸಾಧ್ಯವಾದುದು ಆ ಹೆಂಗಸರು ಉಳಿಸಿಕೊಟ್ಟ ನೆನಪಿನಿಂದ.

ಉಡುಪಿಯಿಂದ ಕಾಪುವಿನ ಕಡೆಗೆ ಹೆದ್ದಾರಿಯಲ್ಲಿ ಪ್ರಯಾಣ ಮಾಡುವವರು ಹಳೆಯ ಹೆಂಚಿನ ಮನೆಗಳ ಪಕ್ಕದಲ್ಲಿ ಮುಂಬಯಿ ಮತ್ತು ಕೊಲ್ಲಿ ದೇಶಗಳ ಗಳಿಕೆಯಿಂದ ಎದ್ದ ದೊಡ್ಡ ಮನೆಗಳನ್ನು ಕಾಣುತ್ತಾರೆ. ಆ ಮನೆಗಳಿಗೆ ಸರಸೋತಿಯರು ಇರುವರೋ ಇಲ್ಲವೋ, ಹೊರಗಿನಿಂದ ಹೇಳಲಾಗದು. ಅಂತಹ ಸಾಕ್ಷಿಯೇ ಇಲ್ಲದ ಮನೆಯೊಂದನ್ನು ಕಲ್ಪಿಸಿದವರು, ಉತ್ತರ ಕನ್ನಡದ ಅಂಕೋಲೆಯಲ್ಲಿ 1962ರಲ್ಲಿ ಜನಿಸಿದ ವಿವೇಕ ಶಾನಭಾಗರು. 2013ರಲ್ಲಿ ಪ್ರಕಟವಾದ ಅವರ 'ಘಾಚರ್ ಘೋಚರ್', ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದದ ಮೂಲಕ ಹೊರದೇಶಗಳಲ್ಲಿಯೂ ಓದುಗರನ್ನು ಪಡೆಯಿತು.

ಕಥೆ ಬೆಂಗಳೂರಿನದು. ಸೇಲ್ಸ್‌ಮನ್ ಆಗಿದ್ದ ತಂದೆಯ ಸಂಬಳದಲ್ಲಿ, ಇರುವೆಗಳು ಮುತ್ತಿದ ಇಕ್ಕಟ್ಟಾದ ಬಾಡಿಗೆ ಮನೆಯಲ್ಲಿ, ತಂದೆ, ತಾಯಿ, ಚಿಕ್ಕಪ್ಪ, ಅಕ್ಕ ಮಾಲತಿ, ನಿರೂಪಕ ಐವರೂ ಪೈಸೆಪೈಸೆಯ ಲೆಕ್ಕವಿಟ್ಟು ಬದುಕಿದವರು. ತಂದೆಯ ಕೆಲಸ ಹೋದಾಗ ಬಂದ ಇಡಿಗಂಟನ್ನು ಬಂಡವಾಳವಾಗಿಸಿ ಚಿಕ್ಕಪ್ಪನು 'ಸೋನಾ ಮಸಾಲಾ' ಎಂಬ ವ್ಯಾಪಾರವನ್ನು ಆರಂಭಿಸುತ್ತಾನೆ. ಸಗಟಾಗಿ ಕೊಂಡ ಮಸಾಲೆ ಪದಾರ್ಥಗಳನ್ನು ಸಣ್ಣ ಪೊಟ್ಟಣಗಳಲ್ಲಿ ಕಟ್ಟಿ ಅಂಗಡಿಗಳಿಗೆ ಮಾರುವ ಸಾಧಾರಣ ಉದ್ಯಮವದು. ಅದರಲ್ಲಿ ಅಕ್ರಮವೇನೂ ಇಲ್ಲ. ಹಣ ಬರುತ್ತದೆ, ದೊಡ್ಡ ಮನೆಯಾಗುತ್ತದೆ. ದುಡಿಯುವವನು ಚಿಕ್ಕಪ್ಪನೊಬ್ಬನೇ. ನಿರೂಪಕನು ಹೆಸರಿಗೆ ನಿರ್ದೇಶಕ. ಕೆಲಸವಿಲ್ಲದೆ ಸಂಬಳ ಪಡೆದು ಕಾಫಿ ಹೌಸಿನಲ್ಲಿ ಕುಳಿತು ದಿನ ಕಳೆಯುತ್ತಾನೆ. ಅರ್ಧ ಪಾಲಿನ ಒಡೆಯನಾದ ತಂದೆ ತನ್ನ ಪಾಲನ್ನು ಎಲ್ಲಿ ದಾನ ಮಾಡಿಬಿಡುವನೋ ಎಂಬ ಆತಂಕ ಉಳಿದವರಿಗೆಲ್ಲ. ಹಿಂದೆ ಒಂದು ಖರ್ಚಿಗೆ ಮನೆಮಂದಿಯೆಲ್ಲ ಕುಳಿತು ಚರ್ಚಿಸುತ್ತಿದ್ದವರು ಈಗ ಚಿಕ್ಕಪ್ಪನ ಊಟ, ನಿದ್ರೆ, ಮನಸ್ಸಿನ ಸಮಾಧಾನಗಳನ್ನು ಕಾಯುವುದರಲ್ಲಿ ನಿರತರಾಗುತ್ತಾರೆ.

ಈ ಕೃತಿಯಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು ಒಂದು ಬೆಳಗಿನ ಪ್ರಸಂಗ. ಅಪರಿಚಿತ ಹೆಂಗಸೊಬ್ಬಳು ಚಿಕ್ಕಪ್ಪನಿಗೆ ಪ್ರಿಯವಾದ ಬೇಳೆಯ ಸಾರನ್ನು ಡಬ್ಬಿಯಲ್ಲಿ ತಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಅವರಿಬ್ಬರ ಸಂಬಂಧವು ಎಲ್ಲರಿಗೂ ಕ್ಷಣದಲ್ಲಿ ಅರ್ಥವಾಗುತ್ತದೆ. ತಾಯಿ ಮತ್ತು ಮಾಲತಿ ಅವಳನ್ನು ಬಾಯಿಗೆ ಬಂದಂತೆ ಬಯ್ದು ಅಟ್ಟುತ್ತಾರೆ. ಚಿಕ್ಕಪ್ಪನು ಒಳಗಿನಿಂದ ಹೊರಬರುವುದಿಲ್ಲ. ನಿರೂಪಕನು ಬಾಯಿ ತೆರೆಯುವುದಿಲ್ಲ. ಯಾರಲ್ಲಿಯೂ ಹಣದ ದುರಾಶೆಯ ಮಾತಿಲ್ಲ. ಪ್ರತಿಯೊಬ್ಬರೂ ಮನೆಯ ಮಾನವನ್ನು ಕಾಯುತ್ತಿರುವುದಾಗಿಯೇ ನಂಬಿದ್ದಾರೆ. ಪ್ರೇಮಮತಿಯು ಒಬ್ಬನೇ ಕುಳಿತಿದ್ದ ಪೊಟರೆಯಲ್ಲಿ ಇಲ್ಲಿ ಇಡೀ ಸಂಸಾರವೇ ಕುಳಿತಿದೆ. ಇದು ಅನ್ಯಾಯವೆಂದು ಹೇಳುವವಳು ಅನಿತಾ ಒಬ್ಬಳೇ. ಅವಳು ನಿರೂಪಕನ ಹೆಂಡತಿ, ಉಪನ್ಯಾಸಕರೊಬ್ಬರ ಮಗಳು, ಈ ಮನೆಯ ಬಡತನವನ್ನಾಗಲಿ ಸಿರಿ ಬಂದ ಬಗೆಯನ್ನಾಗಲಿ ಕಾಣದೆ ಬಂದವಳು. ಗಂಡನು ದುಡಿಯುತ್ತಿಲ್ಲವೆಂಬುದು ಅವಳಿಗೆ ತಿಳಿದುದು ಮದುವೆಯ ಅನಂತರ. ಹಣದ ಮೂಲವನ್ನು ಪ್ರಶ್ನಿಸುವ ಸೊಸೆಯು ಅಂತಹ ಮನೆಯಲ್ಲಿ ಸಾಕ್ಷಿಯಾಗಿ ಉಳಿಯುವುದಿಲ್ಲ, ವೈರಿಯಾಗುತ್ತಾಳೆ. ಅವಳು ಊರಿಗೆ ಹೋದವಳು ಹಿಂದಿರುಗಿಲ್ಲ. ಅವಳಿಗೆ ಏನಾಗಿರಬಹುದೆಂಬುದನ್ನು ಲೇಖಕರು ಹೇಳದೆ ಬಿಟ್ಟಿದ್ದಾರೆ. ನಿರೂಪಕನೂ ಮನೆಯವರನ್ನು ಕೇಳುವುದಿಲ್ಲ.

ಅವನು ಎಂದಿನಂತೆ ಕಾಫಿ ಹೌಸಿನಲ್ಲಿ ಕುಳಿತಿದ್ದಾನೆ. ಕೈಯಲ್ಲಿದ್ದ ಗಾಜಿನ ಲೋಟ ಒಡೆದುದೂ ಅವನ ಅರಿವಿಗೆ ಬಂದಿಲ್ಲ. ಕೈಗೆ ರಕ್ತವಾಗಿದೆ, ತೊಳೆದುಕೊಳ್ಳುವುದು ಒಳ್ಳೆಯದು ಎಂದು ಅವನಿಗೆ ಹೇಳುವವನು ಅಲ್ಲಿಯ ಪರಿಚಾರಕ ವಿನ್ಸೆಂಟ್.